ಸೈಕಲ್ ಪ್ರವಾಸ: ದಾರಿಗೆ ಮ್ಯಾಪ್, ನಿಲುಗಡೆಗೆ ಬೀಗ

ಸೈಕಲ್‌ನಲ್ಲಿ ನಾಲ್ಕು ದಿನ ಸುತ್ತಾಡಿ ಬರ್ತೀನಿ ಅಂದ ಕೂಡಲೇ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ‘ದಾರಿ ತಪ್ಪಿದ್ರೆ?’, ‘ಸೈಕಲ್ ಕಳುವಾದ್ರೆ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಅಂಗಡಿಗೆ ಹೋದರೆ ಎರಡಕ್ಕೂ ದುಬಾರಿ ಉತ್ತರಗಳು ಸಿಗುತ್ತವೆ. ಆದರೆ ತೊಂದರೆ ಎಲ್ಲಿ ಬರಬಹುದು ಅಂತ ಮೊದಲು ಯೋಚಿಸಿದರೆ ಅರ್ಧ ಖರ್ಚು ಉಳಿಯುತ್ತೆ.

ಟವರ್ ಇಲ್ಲದಿದ್ದರೂ ಜಿಪಿಎಸ್ ಇರುತ್ತೆ

ನೆಟ್‌ವರ್ಕ್ ಹೋದರೆ ಮ್ಯಾಪ್ ಕೂಡ ಹೋಯ್ತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಾವು ಎಲ್ಲಿದ್ದೇವೆ ಅಂತ ಫೋನ್ ಲೆಕ್ಕ ಹಾಕುವುದು ಉಪಗ್ರಹಗಳ ಸಂಕೇತದಿಂದ. ಹೊಸ ಫೋನ್‌ಗಳಲ್ಲಿ ಕೆಲವು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಬಳಸುತ್ತವೆ. ನೆಟ್‌ವರ್ಕ್ ಇಲ್ಲದಾಗ ನಿಲ್ಲುವುದು ಮ್ಯಾಪ್‌ನ ಡೌನ್‌ಲೋಡ್ ಮಾತ್ರ. ಅದನ್ನು ಮನೆಯಲ್ಲೇ ಮಾಡಿಕೊಂಡರಾಯಿತು. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂ‌ಆ್ಯಂಡ್ ಆ್ಯಪ್‌ಗಳಲ್ಲಿ ಇಡೀ ಪ್ರದೇಶದ ಮ್ಯಾಪ್ ಫೋನಿನಲ್ಲೇ ಉಳಿಯುತ್ತೆ. ಗೂಗಲ್ ಮ್ಯಾಪ್ಸ್‌ನಲ್ಲೂ ಬೇಕಾದಷ್ಟು ಭಾಗ ಉಳಿಸಿಕೊಳ್ಳಬಹುದು.

ಮೊದಲೆರಡು ಆ್ಯಪ್‌ಗಳ ಮ್ಯಾಪ್ ಸ್ವಯಂಸೇವಕರು ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬರುತ್ತೆ. ಮಲೆನಾಡಲ್ಲಿ ಎಸ್ಟೇಟಿನ ಖಾಸಗಿ ಮಣ್ಣು ರಸ್ತೆಯೂ ದಾರಿಯ ಹಾಗೇ ಕಾಣಬಹುದು. ಹತ್ತಿರದ ದಾರಿ ಅಂತ ಕಂಡರೆ ಸ್ಥಳೀಯರನ್ನು ಒಮ್ಮೆ ಕೇಳಿಬಿಡಿ.

ಫೋನೇ ಸಾಕಾ, ಬೇರೆ ಸಾಧನ ಬೇಕಾ?

ಪರದೆ ಸದಾ ಉರಿಯುತ್ತಿದ್ದರೆ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತು. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಅಂತ ಬರೆದಿದ್ದರೂ ವೋಲ್ಟೇಜ್ ಬದಲಾವಣೆಯ ನಷ್ಟ ಕಳೆದು ಸುಮಾರು 6,000 ಮಾತ್ರ ಫೋನಿಗೆ ಸೇರುತ್ತೆ. ಅಂದರೆ 5,000 ಎಂಎಎಚ್ ಫೋನಿಗೆ ಒಂದು ಸಲ ತುಂಬಿ ಸ್ವಲ್ಪ ಉಳಿಯುತ್ತೆ. ಪರದೆ ಆರಿಸಿ, ಧ್ವನಿ ಸೂಚನೆ ಕೇಳುತ್ತಾ ಹೋದರೆ ಇಷ್ಟು ಧಾರಾಳ.

ಸೈಕಲ್‌ಗೆಂದೇ ಮಾಡಿದ ಜಿಪಿಎಸ್ ಸಾಧನದ ಅನುಕೂಲ ಮಳೆಯಲ್ಲಿ ಗೊತ್ತಾಗುತ್ತೆ. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ ಮಾರ್ಗವಾಗಿ ಉಡುಪಿಗೆ ಇಳಿಯೋದು ನೆನೆಸಿಕೊಳ್ಳಿ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ಮೇಲೆ ಮಂಜು. ಒದ್ದೆ ಬೆರಳಿಗೆ ಫೋನಿನ ಪರದೆ ಸರಿಯಾಗಿ ಸ್ಪಂದಿಸಲ್ಲ, ಚಾರ್ಜಿಂಗ್ ಪೋರ್ಟ್ ನೆನೆದರೆ ಚಾರ್ಜೂ ಆಗಲ್ಲ. ಗುಂಡಿಗಳಿರುವ ಸಾಧನಕ್ಕೆ ಈ ಕಷ್ಟವಿಲ್ಲ. ಬಿಸಿಲಲ್ಲೂ ಓದಬಹುದು, ಒಂದು ಚಾರ್ಜಿಗೆ ಒಂದು ದಿನದ ಸವಾರಿ ಮುಗಿಯುತ್ತೆ. ಆದರೆ ಮ್ಯಾಪ್ ಇರುವ ಮಾದರಿಗಳು ದುಬಾರಿ, ಪರದೆ ಚಿಕ್ಕದು. ವರ್ಷಕ್ಕೆ ಒಂದೆರಡು ಪ್ರವಾಸ, ಅದೂ ಬೇಸಿಗೆಯಲ್ಲಿ ಅಂದ್ರೆ ಫೋನೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ಯಾವುದೇ ಇರಲಿ, ದಾರಿಯ ಜಿಪಿಎಕ್ಸ್ ಫೈಲ್ ಮೊದಲೇ ಹಾಕಿಟ್ಟುಕೊಳ್ಳಿ. ಏರಿಳಿತದ ರೇಖಾಚಿತ್ರವನ್ನೂ ನೋಡಿ. ಬಯಲಿನ 40 ಕಿ.ಮೀ. ಬೇರೆ, ಘಾಟಿ ಹತ್ತುವ 40 ಕಿ.ಮೀ. ಬೇರೆ. ಕತ್ತಲಾಗುವ ಮುಂಚೆ ಊರು ಸೇರ್ತೀವಾ ಅನ್ನೋದಕ್ಕೆ ಉತ್ತರ ಅಲ್ಲೇ ಇರುತ್ತೆ.

ಬೀಗ ಕೊಡೋದು ಸಮಯ ಮಾತ್ರ

ಮುರಿಯಲಾಗದ ಬೀಗ ಅಂತ ಯಾವುದೂ ಇಲ್ಲ. ಕೊಳವೆಯಾಕಾರದ ಕೀಲಿ ಇರುವ ಕೆಲವು ಯು-ಲಾಕ್‌ಗಳು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಗೇ ತೆರೆದುಕೊಳ್ಳುತ್ತವೆ ಅಂತ 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಗಿತ್ತು. ಹಾಗಾಗಿ ಚಪ್ಪಟೆ ಕೀಲಿಯದ್ದನ್ನೇ ಕೊಳ್ಳಿ. ತೆಳು ಕೇಬಲ್ ಬೀಗವನ್ನು ಕಟರ್ ಕ್ಷಣದಲ್ಲಿ ಕತ್ತರಿಸುತ್ತೆ. ಒಳ್ಳೆ ಯು-ಲಾಕ್ ಕಿಲೋಗಟ್ಟಲೆ ತೂಗುತ್ತೆ, ಆ ಭಾರ ಘಾಟಿ ಹತ್ತುವಾಗ ಕಾಲಿಗೆ ಗೊತ್ತಾಗುತ್ತೆ.

ಆದ್ದರಿಂದ ಎಲ್ಲಿ, ಎಷ್ಟು ಹೊತ್ತು ನಿಲ್ಲಿಸ್ತೀರಿ ಅಂತ ನೋಡಿ. ಕಣ್ಣೆದುರಿಗೇ ನಿಲ್ಲಿಸಿ ಟೀ ಕುಡಿಯೋದಕ್ಕೆ ಕೇಬಲ್ ಸಾಕು. ಊರೊಳಗೆ ಗಂಟೆಗಟ್ಟಲೆ ಬಿಡೋದಾದರೆ ಯು-ಲಾಕ್, ಅದೂ ಗಟ್ಟಿ ಕಂಬಕ್ಕೆ. ಹಿಂದಿನ ಚಕ್ರ ಕೂರುವ ತ್ರಿಕೋನದ ಒಳಗೆ ರಿಮ್ಮನ್ನೂ ಕಂಬವನ್ನೂ ಸೇರಿಸಿ ಹಾಕಿದರೆ ಚಿಕ್ಕ ಯು-ಲಾಕ್ ಕೂಡ ಸಾಲುತ್ತೆ ಅಂತ ಅಮೆರಿಕದ ಪ್ರಸಿದ್ಧ ಸೈಕಲ್ ತಜ್ಞ ಶೆಲ್ಡನ್ ಬ್ರೌನ್ ಹೇಳಿಕೊಟ್ಟಿದ್ದರು. ಚಕ್ರ ಆ ತ್ರಿಕೋನ ದಾಟಿ ಹೊರಬರೋದಿಲ್ಲ, ಹಾಗಾಗಿ ಫ್ರೇಮೂ ಉಳಿಯುತ್ತೆ. ಮುಂದಿನ ಚಕ್ರ ಕ್ವಿಕ್ ರಿಲೀಸ್ ಆಗಿದ್ದರೆ ಅದಕ್ಕೆ ಕೇಬಲ್ ಸುತ್ತಿ.

ರಾತ್ರಿಗೆ ಅತ್ಯುತ್ತಮ ಬೀಗ ಲಾಡ್ಜ್ ಕೋಣೆಯ ಬಾಗಿಲು. ಬುಕ್ ಮಾಡುವ ಮೊದಲೇ ಫೋನ್ ಮಾಡಿ, ‘ಸೈಕಲ್ ಒಳಗೆ ಇಡಬಹುದಾ ಸರ್?’ ಅಂತ ಕೇಳಿ. ಬೀಗದ ಎರಡನೇ ಕೀಲಿ ಬೇರೆ ಬ್ಯಾಗಿನಲ್ಲಿರಲಿ. ಸಾಮಾನ್ಯವಾಗಿ ಪೆಡಲ್ ಬುಡದ ಕೆಳಭಾಗದಲ್ಲಿ ಕೊರೆದಿರುವ ಫ್ರೇಮ್ ನಂಬರ್, ಸೈಕಲ್ ಫೋಟೊ, ಬಿಲ್ ಮೂರನ್ನೂ ಮನೆಯವರಿಗೆ ಕಳಿಸಿಡಿ. ಕಳುವಾದರೆ ಪೊಲೀಸ್ ದೂರಿಗೆ ಬೇಕಾಗುತ್ತೆ.

ಮನೆಯವರಿಗೆ ಒಂದು ಚೀಟಿ

ಲೈವ್ ಲೊಕೇಶನ್ ಕಳಿಸಿದ್ದೀನಲ್ಲ ಅಂತ ನಿಶ್ಚಿಂತೆಯಿಂದ ಹೊರಡಬೇಡಿ. ಫೋನಿಗೆ ನಾವೆಲ್ಲಿದ್ದೇವೆ ಅಂತ ಗೊತ್ತಿದ್ದರೂ ಅದನ್ನು ಮನೆಗೆ ತಿಳಿಸೋಕೆ ನೆಟ್‌ವರ್ಕ್ ಬೇಕೇ ಬೇಕು. ಕಾಡಿನ ದಾರಿಯಲ್ಲಿ ಚುಕ್ಕೆ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಅಮ್ಮನ ಎದೆ ಡವಗುಟ್ಟದೇ ಇರುತ್ತಾ? ಯಾವ ದಿನ ಯಾವ ಊರು, ಲಾಡ್ಜ್ ನಂಬರ್, ಎಲ್ಲಿಂದ ಎಲ್ಲಿವರೆಗೆ ಸಿಗ್ನಲ್ ಇರದಿರಬಹುದು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರನ್ನು ಕೇಳಬೇಕು, ತುರ್ತಿಗೆ 112. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ ಹೊರಡಿ. ಅದಕ್ಕೆ ಚಾರ್ಜೂ ಬೇಡ, ಸಿಗ್ನಲ್ಲೂ ಬೇಡ.