ಬೋಟ್ ಸ್ಪೀಡ್ ಹೆಚ್ಚಿಸೋಕೆ ಹೋಗಿ ಮಾವನ ದುಡ್ಡು ನೀರಿಗೆ ಹಾಕಿದ್ದು

ಇಯರ್‌ಫೋನ್ ಹಾಕ್ಕೊಂಡ್ರಾ? ಹಾಗಾದ್ರೆ ಶುರು ಮಾಡೋಣ. ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಆರಂಭ.

ಮಲ್ಪೆಯಲ್ಲಿ ನನ್ನ ಮಾವನದ್ದೊಂದು ಫೈಬರ್ ಬೋಟ್ ಇದೆ. 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಸೀಸನ್‌ನಲ್ಲಿ ಪ್ರವಾಸಿಗರನ್ನು ಸಮುದ್ರದಲ್ಲಿ ಒಂದು ಸುತ್ತು ಹಾಕಿಸಿ ತರೋದು ಅವರ ಕೆಲಸ. ಪಕ್ಕದವರ ಬೋಟ್ ತನ್ನದಕ್ಕಿಂತ ಜೋರು ಹೋಗ್ತದೆ ಅನ್ನೋದೇ ಅವರಿಗೆ ಕೊರಗು. "ನೀನು ಎಂಜಿನಿಯರಿಂಗ್ ಓದಿದವ ಅಲ್ವಾ, ಎಂತಾದ್ರೂ ಉಪಾಯ ಹೇಳು ಮಾರಾಯ" ಅಂದ್ರು. ನಾನು ಫೋನ್‌ನಲ್ಲಿ ಅರ್ಧ ಗಂಟೆ ಓದಿ, "ಪಿಚ್ ಜಾಸ್ತಿ ಇರೋ ಪ್ರೊಪೆಲ್ಲರ್ ಹಾಕಿ ಮಾವ" ಅಂದುಬಿಟ್ಟೆ. ಪಾಪ, ಸಾಲ ಮಾಡಿ ತರಿಸಿದ್ರು.

ಪಿಚ್ ಅಂದ್ರೇನು? ಮೀನುಗಾರರ ಬಾಯಲ್ಲಿ ಪ್ರೊಪೆಲ್ಲರ್ ಅಂದ್ರೆ ಬರೀ 'ಫ್ಯಾನ್'. ಅದರ ಮೇಲೆ ಎರಡು ಸಂಖ್ಯೆ ಅಚ್ಚಾಗಿರುತ್ತೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ, ಫ್ಯಾನ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನೋ ಲೆಕ್ಕ ಅದು. ಆದರೆ ನೀರು ಮರ ಅಲ್ಲವಲ್ಲ, ಜಾರುತ್ತೆ. ಆ ನಷ್ಟಕ್ಕೆ ಸ್ಲಿಪ್ ಅಂತಾರೆ.

ಮಾವನ ಹಳೇ ಫ್ಯಾನ್‌ನ ಪಿಚ್ 12 ಇಂಚು. ಜನ ತುಂಬಿಸಿಕೊಂಡು ಪೂರ್ತಿ ಥ್ರಾಟಲ್ ಕೊಟ್ರೆ ಎಂಜಿನ್ 5,300 ಆರ್‌ಪಿಎಂ. ಗೇರ್ ಅನುಪಾತ 2:1, ಅಂದ್ರೆ ಎಂಜಿನ್ ಎರಡು ಸುತ್ತು ತಿರುಗಿದ್ರೆ ಫ್ಯಾನ್ ಒಂದು ಸುತ್ತು. ನಿಮಿಷಕ್ಕೆ 2,650 ಸುತ್ತು, ಸುತ್ತಿಗೆ 12 ಇಂಚು; ಗುಣಿಸಿದ್ರೆ ಗಂಟೆಗೆ ಸುಮಾರು 48 ಕಿ.ಮೀ. ಫೋನ್‌ನ ಜಿಪಿಎಸ್ ತೋರಿಸ್ತಿದ್ದಿದ್ದು 37. ಉಳಿದದ್ದು ಸ್ಲಿಪ್ ಪಾಲು. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: 12ರ ಬದಲು 14 ಹಾಕಿದ್ರೆ ಸ್ಪೀಡ್ ತಾನಾಗಿ ಏರುತ್ತೆ!

ಮೊದಲ ದಿನ ನಾವಿಬ್ಬರೇ ಹೋದ್ವಿ. ಜಿಪಿಎಸ್‌ನಲ್ಲಿ 44! ಮಾವ ನನ್ನ ಬೆನ್ನು ತಟ್ಟಿದ್ರು. ಮರುದಿನ ಪ್ರವಾಸಿಗರು ಹತ್ತಿದ್ರು, ಬೋಟ್ ಮೂತಿ ಎತ್ತಿಕೊಂಡು ನೀರು ಉಳೋಕೆ ಶುರು ಮಾಡಿತು. ಸ್ಪೀಡ್ 35, ಆರ್‌ಪಿಎಂ 4,900.

ಆಗುಂಬೆ ಘಾಟಿಯನ್ನು ಬೈಕಿನ ಟಾಪ್ ಗೇರ್‌ನಲ್ಲಿ ಹತ್ತೋಕೆ ನೋಡಿದ್ದೀರಾ? ಅದೇ ಇದು. ಪಿಚ್ ಒಂದು ಇಂಚು ಏರಿಸಿದ್ರೆ ಆರ್‌ಪಿಎಂ ಸುಮಾರು 150ರಿಂದ 200 ಇಳಿಯುತ್ತೆ. ಪ್ರತಿ ಎಂಜಿನ್‌ನ ಕೈಪಿಡಿಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಇರಬೇಕು ಅಂತ ಬರೆದಿರ್ತಾರೆ. ನಮ್ಮದಕ್ಕೆ 5,000ದಿಂದ 6,000. ಅದಕ್ಕಿಂತ ಕೆಳಗೆ ಎಂಜಿನ್ ಪೂರ್ತಿ ಶಕ್ತಿ ಕೊಡಲ್ಲ, ಜೊತೆಗೆ ಏದುಸಿರು ಬಿಟ್ಟು ಬಿಸಿಯಾಗಿ ಪಿಸ್ಟನ್‌ಗೆ ಪೆಟ್ಟು. ತೀರಾ ಕಡಿಮೆ ಪಿಚ್ ಹಾಕಿದ್ರೆ ಎಂಜಿನ್ ಮಿತಿ ಮೀರಿ ತಿರುಗುತ್ತೆ, ಅದೂ ಒಳ್ಳೇದಲ್ಲ. ಹಾಗಾಗಿ ಫ್ಯಾನ್ ಆರಿಸೋಕೆ ಸ್ಪೀಡೋಮೀಟರ್‌ಗಿಂತ ಮೊದಲು ಟ್ಯಾಕೋಮೀಟರ್ ನೋಡಬೇಕು, ಅದೂ ದಿನಾ ಹೊರುವಷ್ಟೇ ಭಾರ ಹೊತ್ತಾಗ. ಖಾಲಿ ಬೋಟ್‌ನಲ್ಲಿ ನೋಡಿ ಕುಣಿದಿದ್ದೇ ನನ್ನ ದಡ್ಡತನ.

ಹಳೇ 12 ಇಂಚನ್ನೇ ವಾಪಸ್ ಹಾಕಿದ್ವಿ. ಬೋಟನ್ನು ಮೇಲೆಳೆದು ನೋಡಿದ್ರೆ, ಅಡಿಯಲ್ಲೆಲ್ಲ ಚಿಪ್ಪು, ಪಾಚಿ! ಒಂದು ದಿನ ಪೂರ್ತಿ ಕೆರೆದ್ವಿ. ಫ್ಯಾನ್ ಬಿಚ್ಚಿದಾಗ ಶಾಫ್ಟ್‌ಗೆ ಬಲೆಯ ದಾರ ಸುತ್ಕೊಂಡಿತ್ತು. ಇದು ಸ್ಪೀಡ್‌ಗಿಂತ ದೊಡ್ಡ ವಿಷಯ: ಆ ದಾರ ಆಯಿಲ್ ಸೀಲ್ ಕತ್ತರಿಸಿದ್ರೆ ಗೇರ್‌ಬಾಕ್ಸ್‌ಗೆ ಉಪ್ಪುನೀರು ನುಗ್ಗುತ್ತೆ.

ಆಮೇಲೆ ಎಂಜಿನ್‌ನ ಎತ್ತರ. ನೀರೊಳಗೆ ಇರೋ ಗೇರ್‌ಬಾಕ್ಸ್, ಕಾಲು ಎಲ್ಲವೂ ಬೋಟನ್ನು ಹಿಂದಕ್ಕೆ ಎಳೆಯುತ್ತೆ, ಸ್ಪೀಡ್ ಎರಡು ಪಟ್ಟಾದ್ರೆ ಆ ಎಳೆತ ಹೆಚ್ಚುಕಡಿಮೆ ನಾಲ್ಕು ಪಟ್ಟು. ರೇಸ್ ಬೋಟ್‌ಗಳಲ್ಲಿ ಫ್ಯಾನ್‌ನ ಅರ್ಧಭಾಗ ನೀರಿನ ಹೊರಗೇ ತಿರುಗೋ ಥರ ಮಾಡೋದು ಇದಕ್ಕೇ. ನಮಗೆ ಅಷ್ಟೆಲ್ಲ ಬೇಡ. ಫ್ಯಾನ್ ಮೇಲೆ ರೆಕ್ಕೆ ಥರ ಒಂದು ಪ್ಲೇಟ್ ಇರುತ್ತಲ್ಲ, ಅದು ಬೋಟಿನ ತಳದ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಇದ್ರೆ ಸಾಕು. ಮಾವನ ಬೋಟ್‌ನಲ್ಲಿ ಅದು ತಳಕ್ಕಿಂತ ಕೆಳಗಿತ್ತು. ಬೋಲ್ಟ್ ಬಿಚ್ಚಿ ಎಂಜಿನನ್ನು ಒಂದು ತೂತು, ಅಂದ್ರೆ ಮುಕ್ಕಾಲು ಇಂಚು, ಮೇಲಕ್ಕೆ ಏರಿಸಿದ್ವಿ.

ಜಾಸ್ತಿ ಏರಿಸೋ ಹಾಗಿಲ್ಲ. ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದುಕೊಂಡು, ಎಂಜಿನ್ ಕಿರುಚುತ್ತೆ, ಬೋಟ್ ಮಾತ್ರ ಹೋಗಲ್ಲ. ಕೂಲಿಂಗ್‌ಗೆ ನೀರು ಸಿಗದಿದ್ರೆ ಎಂಜಿನ್ನೇ ಹೋಯ್ತು. ಹಿಂದಿನಿಂದ ಪಿಚಕಾರಿ ಥರ ನೀರು ಬರ್ತಾ ಇದೆಯಾ ಅಂತ ನೋಡ್ತಾನೇ ಇರಬೇಕು.

ಒಂದೊಂದೇ ಬದಲಾವಣೆ ಮಾಡಿ, ಗಾಳಿಗೆ ಎದುರಾಗಿ ಒಮ್ಮೆ, ಗಾಳಿ ಜೊತೆ ಒಮ್ಮೆ ಓಡಿಸಿ, ಸರಾಸರಿ ತೆಗೆದ್ವಿ. ಬೋಟ್ ನೀರ ಮೇಲೆ ಎದ್ದ ಮೇಲೆ ಟ್ರಿಮ್ ಸ್ವಲ್ಪ ಹೊರಗೆ ಕೊಟ್ವಿ. ಕೊನೆಗೆ ಅಷ್ಟೇ ಜನ ಹೊತ್ತು 5,600 ಆರ್‌ಪಿಎಂ, 41 ಕಿ.ಮೀ.

ಇದರಿಂದ ಉಳಿದ ಸಮಯ ಎಷ್ಟು? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ ಸುಮಾರು 6 ಕಿ.ಮೀ. ಅಂತ ಇಟ್ಕೊಳ್ಳಿ, ಒಂದು ನಿಮಿಷಕ್ಕಿಂತ ಕಡಿಮೆ! ಜನ ಲೈಫ್ ಜಾಕೆಟ್ ಹಾಕ್ಕೊಳ್ಳೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೆ ಎಂಜಿನ್ ಈಗ ಒದ್ದಾಡಲ್ಲ, ಮಾವನಿಗೆ ಬೇಕಿದ್ದಿದ್ದೂ ನಿಜವಾಗಿ ಅದೇ. ಹಾಂ, ಸ್ಪೀಡ್ ಟೆಸ್ಟ್ ಮಾಡೋರು ಎಂಜಿನ್ ಸ್ಟಾಪ್ ಕಾರ್ಡ್ ಮಣಿಕಟ್ಟಿಗೆ ಕಟ್ಟಿಕೊಳ್ಳಿ. ನೀವು ಬಿದ್ರೆ ಎಂಜಿನ್ ನಿಲ್ಲಬೇಕು, ಇಲ್ಲಾಂದ್ರೆ ತಿರುಗೋ ಫ್ಯಾನ್ ನಿಮ್ಮ ಕಡೆಗೇ ಬರಬಹುದು.

14 ಇಂಚಿನ ಫ್ಯಾನ್ ಇನ್ನೂ ಮಾವನ ಶೆಡ್‌ನಲ್ಲಿ ನೇತಾಡ್ತಿದೆ. ಹೆಚ್ಚು ಓಡಿಲ್ಲ. ಹಗುರ ಬೋಟ್ ಇರೋ ಯಾರಿಗಾದ್ರೂ ಬೇಕಿದ್ರೆ ಕೊಡ್ತಾರೆ, ರೇಟ್ ವಿಷಯ ಮಾತ್ರ ನನ್ನ ಹತ್ರ ಮಾತಾಡಬೇಡಿ.