ಅಜ್ಜ, ಮೊಮ್ಮಗಳು ಮತ್ತು ಪ್ಲೂಟೋ

ಮಕ್ಕಳೇ, ಆಕಾಶದಲ್ಲಿರುವ ಪ್ಲೂಟೋಗೆ ಹೆಸರು ಸೂಚಿಸಿದ್ದು ಯಾರು ಗೊತ್ತೆ? ನಿಮ್ಮಂತೆಯೇ ಶಾಲೆಗೆ ಹೋಗುತ್ತಿದ್ದ ಹನ್ನೊಂದು ವರ್ಷದ ಹುಡುಗಿ!

1930ರ ಮಾರ್ಚ್ 14ರ ಬೆಳಗ್ಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ವೆನೀಷಿಯಾ ಬರ್ನಿ ತಿಂಡಿಗೆ ಕುಳಿತಿದ್ದಳು. ಅಜ್ಜ ಫಾಲ್ಕನರ್ ಮ್ಯಾಡನ್ ಪತ್ರಿಕೆ ನೋಡಿ ಸುದ್ದಿಯೊಂದನ್ನು ಹೇಳಿದರು. ನೆಪ್ಚೂನಿನಿಂದಾಚೆ ಹೊಸ ಗ್ರಹವೊಂದು ಸಿಕ್ಕಿತ್ತು, ಅದಕ್ಕಿನ್ನೂ ಹೆಸರಿರಲಿಲ್ಲ. ಗ್ರೀಕ್ ಮತ್ತು ರೋಮನ್ ಪುರಾಣ ಕಥೆಗಳನ್ನು ಓದಿಕೊಂಡಿದ್ದ ಹುಡುಗಿ, ಪ್ಲೂಟೋ ಎಂದಿಡಬಹುದಲ್ಲ ಎಂದಳು.

ಪ್ಲೂಟೋ ಪಾತಾಳದ ದೊರೆ. ಸೂರ್ಯನಿಂದ ಬಹು ದೂರದ ಕತ್ತಲಲ್ಲಿ ಸುತ್ತುವ ಗ್ರಹಕ್ಕೆ ಎಷ್ಟು ಒಪ್ಪುವ ಹೆಸರು! ಗ್ರೀಕರಲ್ಲಿ 'ಪ್ಲೂಟೋಸ್' ಎಂದರೆ ಸಂಪತ್ತು. ಬೆಳೆ, ಲೋಹ ಎಲ್ಲವೂ ನೆಲದೊಳಗಿನಿಂದಲೇ ಬರಬೇಕಲ್ಲವೆ? ನಮ್ಮ ಯಮ, ಕುಬೇರ ಇಬ್ಬರೂ ಒಬ್ಬನಲ್ಲೇ ಸೇರಿದಂತೆ.

ಅಜ್ಜ ಮಗುವಿನ ಮಾತೆಂದು ತಳ್ಳಿಹಾಕಲಿಲ್ಲ. ಖಗೋಳ ಪ್ರಾಧ್ಯಾಪಕ ಹರ್ಬರ್ಟ್ ಟರ್ನರ್ ಅವರಿಗೆ ತಿಳಿಸಿದರು. ಅವರು ಕ್ಲೈಡ್ ಟಾಂಬೋ ಗ್ರಹವನ್ನು ಪತ್ತೆ ಮಾಡಿದ್ದ ಅಮೆರಿಕದ ಲೊವೆಲ್ ವೀಕ್ಷಣಾಲಯಕ್ಕೆ ತಂತಿ ಕಳಿಸಿದರು. ಮೇ 1ರಂದು ಹೆಸರು ಪ್ರಕಟವಾಯಿತು. ಮೊಮ್ಮಗಳಿಗೆ ಅಜ್ಜನಿಂದ ಐದು ಪೌಂಡ್ ಬಹುಮಾನ! 2006ರಲ್ಲಿ ಪ್ಲೂಟೋ ಕುಬ್ಜಗ್ರಹಗಳ ಸಾಲಿಗೆ ಸೇರಿತು, ಹೆಸರು ಮಾತ್ರ ಹಾಗೇ ಉಳಿದಿದೆ.

ಆ ಮನೆತನಕ್ಕೆ ಹೆಸರಿಡುವುದು ಹೊಸತೇನಲ್ಲ. 1877ರಲ್ಲಿ ಮಂಗಳನ ಎರಡು ಉಪಗ್ರಹಗಳು ಕಂಡಾಗ ಅವಕ್ಕೆ ಫೋಬೋಸ್, ಡೀಮೋಸ್ ಎಂಬ ಹೆಸರು ಸೂಚಿಸಿದವರು ಈ ಅಜ್ಜನ ಅಣ್ಣ ಹೆನ್ರಿ. ಅರ್ಥ: ಭಯ, ದಿಗಿಲು. ಯುದ್ಧದೇವತೆಯ ಮಕ್ಕಳಲ್ಲವೆ!

ಯಾವ ಉಚ್ಚಾರ ಸರಿ?

ಇಂಥ ಹೆಸರುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲು ಕೆಲವರಿಗೆ ಅಂಜಿಕೆ. ಅಂಜಬೇಕಿಲ್ಲ. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಪ್ಲೂಟೋವಿನ ದೊಡ್ಡ ಉಪಗ್ರಹವನ್ನು ಕಂಡುಹಿಡಿದರು. ಸತ್ತವರನ್ನು ಪಾತಾಳದ ಹೊಳೆ ದಾಟಿಸುವ ಅಂಬಿಗನ ಹೆಸರು ಅದಕ್ಕೆ ಬಂತು. ಹಳೆಯ ಗ್ರೀಕರ ಬಾಯಲ್ಲಿ ಅವನು 'ಖರೋನ್'. ನಮ್ಮ ಮಹಾಪ್ರಾಣ 'ಖ' ಅದಕ್ಕೆ ಸರಿಯಾಗಿ ಹೊಂದುತ್ತದೆ. ಇಂಗ್ಲಿಷಿನವರಿಗೆ ಅವನು 'ಕೇರನ್'. ಕ್ರಿಸ್ಟಿಯವರ ಪತ್ನಿ ಷಾರ್ಲೀನ್, ಮನೆಮಂದಿಗೆ 'ಷಾರ್'. ಆಕೆಯ ಹೆಸರೂ ಸೇರಲೆಂದು ಅವರು 'ಷಾರನ್' ಎಂದರು. ಇಂದಿಗೂ ಎರಡೂ ಬಗೆ ಚಾಲ್ತಿಯಲ್ಲಿವೆ.

ಯುರೇನಸ್ ಕಥೆಯೂ ಹೀಗೆಯೇ. ಗ್ರೀಕರ 'ಊರನೋಸ್' ಎಂದರೆ ಆಕಾಶ. ಅದು ಲ್ಯಾಟಿನ್ನಿನಲ್ಲಿ 'ಊರನುಸ್' ಆಗಿ, ಇಂಗ್ಲಿಷಿನಲ್ಲಿ 'ಯೂರನಸ್', 'ಯುರೇನಸ್' ಎಂದು ಎರಡಾಯಿತು.

ಊರು ಬದಲಾದಂತೆ ಮಾತೂ ಬದಲಾಗುತ್ತದೆ. ನಾವು ದಿನವೂ ಬಳಸುವ 'ಕೇಂದ್ರ' ಎಂಬ ಪದವೂ ಗ್ರೀಕರ 'ಕೆಂಟ್ರೋನ್'. ಜ್ಯೋತಿಷದ ಜೊತೆಯಲ್ಲಿ ಸಂಸ್ಕೃತಕ್ಕೆ ಬಂದು, ಅಲ್ಲಿಂದ ಕನ್ನಡಕ್ಕಿಳಿದು ನಮ್ಮದೇ ಆಗಿದೆ.

ಹಾಗಾಗಿ ಮಕ್ಕಳೇ, ಹೆಸರನ್ನು ಧೈರ್ಯವಾಗಿ ಹೇಳಿ. ಅದರ ಹಿಂದಿನ ಕಥೆಯನ್ನೂ ಕೇಳಿ ತಿಳಿದುಕೊಳ್ಳಿ. ಆಕಾಶ ತಿಳಿಯಾಗಿರುವ ಚಳಿಗಾಲದ ಸಂಜೆ ಅಜ್ಜ ಅಜ್ಜಿ ನಿಮಗೆ ಕೃತ್ತಿಕೆಯನ್ನು ತೋರಿಸಿ, ಷಣ್ಮುಖನನ್ನು ಸಾಕಿದ ಆರು ತಾಯಂದಿರ ಕಥೆ ಹೇಳಲಿ. ಅದೇ ಗುಂಪು ಗ್ರೀಕರಿಗೆ ಪ್ಲೀಯಡೀಸ್, ಅಟ್ಲಾಸನ ಏಳು ಹೆಣ್ಣುಮಕ್ಕಳು. ಆ ಕಥೆಯನ್ನು ನೀವು ಅವರಿಗೆ ಹೇಳಿ.