ಭಯೋತ್ಪಾದನೆಯ ಕಿರ್ದಿಯಲ್ಲಿ ಒಂದು ವರ್ಷ ಕಾಣೆ

ಅಂಗಡಿ ಇಟ್ಟವರಿಗೆ ಕಿರ್ದಿ ಪುಸ್ತಕದ ಬೆಲೆ ಹೇಳಿಕೊಡಬೇಕಿಲ್ಲ. ಉದ್ರಿ ಬರೆದ ಒಂದು ಹಾಳೆ ಹರಿದುಹೋದರೆ ಆ ಸಾಲ ಹೋಯಿತು ಅಂತಲೇ ಲೆಕ್ಕ. ಹಾಗಿರುವಾಗ ಇಡೀ ಜಗತ್ತಿನ ಬಾಂಬು, ಗುಂಡು, ಅಪಹರಣಗಳನ್ನೆಲ್ಲ ಬರೆದಿಡುವ ದೊಡ್ಡ ಪುಸ್ತಕದಲ್ಲಿ ಒಂದು ಇಡೀ ವರ್ಷವೇ ಇಲ್ಲ ಅಂದರೆ ಏನು ಹೇಳೋಣ?

ಅದೂ ಎಂಥ ವರ್ಷ! 1993. ಮಾರ್ಚ್ 12ರಂದು ಮುಂಬಯಿಯಲ್ಲಿ ಒಂದರ ಹಿಂದೊಂದು ಬಾಂಬು ಸಿಡಿದು 257 ಜನ ಸತ್ತ ವರ್ಷ. ಅದಕ್ಕೆ ಎರಡು ವಾರ ಮೊದಲು, ಫೆಬ್ರವರಿ 26ರಂದು, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ವ್ಯಾನಿನಲ್ಲಿಟ್ಟ ಬಾಂಬು ಸಿಡಿದ ವರ್ಷ.

ಈ ಪುಸ್ತಕ ಇರುವುದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಭಯೋತ್ಪಾದನೆಯ ಅಧ್ಯಯನಕ್ಕೆಂದೇ ಅಲ್ಲೊಂದು ಸಂಸ್ಥೆ. ಚಿಕ್ಕ ಹೆಸರು ‘ಸ್ಟಾರ್ಟ್’. 2005ರಲ್ಲಿ ಅಲ್ಲಿನ ಗೃಹ ಭದ್ರತಾ ಇಲಾಖೆಯ ಹಣದಿಂದ ಶುರುವಾಯಿತು. ಪುಸ್ತಕದ ಹೆಸರು ‘ಗ್ಲೋಬಲ್ ಟೆರರಿಸಂ ಡೇಟಾಬೇಸ್’. 1970ರಿಂದ ಈಚೆಗೆ 2 ಲಕ್ಷಕ್ಕೂ ಮೀರಿದ ಘಟನೆಗಳು ಅದರಲ್ಲಿವೆ. ಒಂದೊಂದು ಘಟನೆಗೂ ನೂರಕ್ಕೂ ಹೆಚ್ಚು ಕಲಮು: ಊರು, ತಾರೀಖು, ಆಯುಧ, ಗುಂಪು, ಸತ್ತವರೆಷ್ಟು, ಗಾಯಗೊಂಡವರೆಷ್ಟು ಹೀಗೆ.

ಮೊದಲು ಇದನ್ನು ಬರೆಯಲು ಕೂತವರು ಪ್ರೊಫೆಸರುಗಳಲ್ಲ. ಪಿಂಕರ್ಟನ್ ಎಂಬ ಹಳೆಯ ಖಾಸಗಿ ಪತ್ತೇದಾರಿ ಕಂಪನಿಯವರು. ಯಾವ ದೇಶದಲ್ಲಿ ವ್ಯಾಪಾರ ಮಾಡಿದರೆ ಎಷ್ಟು ಅಪಾಯ ಅಂತ ಗಿರಾಕಿಗಳಿಗೆ ಹೇಳಬೇಕಿತ್ತು; ಅದಕ್ಕೆ ವಾರ್ತಾಸಂಸ್ಥೆಗಳ ಸುದ್ದಿ, ಪತ್ರಿಕೆಗಳನ್ನು ಓದಿ ಕಾರ್ಡಿನ ಮೇಲೆ ಕೈಯಲ್ಲಿ ಬರೆದಿಟ್ಟರು. 1970ರಿಂದ 1997ರವರೆಗೆ ಸುಮಾರು 67,000 ಘಟನೆ. ನಡುವೆ ಕಂಪನಿ ಕಚೇರಿ ಬದಲಾಯಿಸುವಾಗ 1993ರ ಕಾರ್ಡುಗಳು ಕಳೆದುಹೋದವು. ಮನೆ ಬದಲಾಯಿಸುವಾಗ ನಮ್ಮ ನಿಮ್ಮ ರೇಷನ್ ಕಾರ್ಡು ಕಳೆಯುವ ಹಾಗೆ!

2001ರಲ್ಲಿ ಗ್ಯಾರಿ ಲಾಫ್ರೀ ಎಂಬ ಅಪರಾಧಶಾಸ್ತ್ರದ ಪ್ರೊಫೆಸರು ಈ ಪೆಟ್ಟಿಗೆಗಳನ್ನು ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ವಿದ್ಯಾರ್ಥಿಗಳನ್ನು ಕೂರಿಸಿ ಒಂದೊಂದೇ ಕಾರ್ಡನ್ನು ಕಂಪ್ಯೂಟರಿಗೆ ಹತ್ತಿಸಿದರು. ಆಮೇಲೆ 1993ನ್ನು ಹಳೆ ಪತ್ರಿಕೆಗಳಿಂದ ಮತ್ತೆ ಕಟ್ಟಲು ನೋಡಿದರು. ಆ ವರ್ಷ ನಡೆದಿರಬಹುದಾದ ಘಟನೆಗಳಲ್ಲಿ ಶೇಕಡ 15ರಷ್ಟು ಮಾತ್ರ ಸಿಕ್ಕಿತು. ಅದನ್ನು ಬೇರೆ ಕಡತದಲ್ಲಿಟ್ಟಿದ್ದಾರೆ. ಮೂಲ ಪುಸ್ತಕದಲ್ಲಿ 1992 ಆದ ಮೇಲೆ ಸೀದಾ 1994. ಅಂದಾಜಿನ ಅಂಕಿ ತುಂಬಿ ಮುಚ್ಚಿಹಾಕಲಿಲ್ಲ ಅನ್ನುವುದು ಮೆಚ್ಚಬೇಕಾದ ಮಾತೇ.

ಇಷ್ಟೆಲ್ಲ ಯಾಕೆ ಹೇಳಿದ್ದು ಅಂದರೆ, ಆ ಪುಸ್ತಕದಲ್ಲಿ ನಮ್ಮ ಹೆಸರೂ ಇದೆ. 2017ರ ಜುಲೈನಲ್ಲಿ ಬಸ್ಸಿನಲ್ಲಿ ಪೇಪರು ಓದಿದವರಿಗೆ ನೆನಪಿರಬಹುದು: ಉಗ್ರರ ದಾಳಿಯಲ್ಲಿ ಇರಾಕ್, ಆಫ್ಘಾನಿಸ್ತಾನ ಬಿಟ್ಟರೆ ಭಾರತವೇ ಮೂರನೆಯದು ಅಂತ ಸುದ್ದಿ. ಅಮೆರಿಕದ ವಿದೇಶಾಂಗ ಇಲಾಖೆಯ ವರದಿ ಅದು, ಅಂಕಿ ‘ಸ್ಟಾರ್ಟ್’ನವರದು. 2016ರಲ್ಲಿ ಜಗತ್ತಿನಲ್ಲಿ 11,072 ದಾಳಿ, ಭಾರತದಲ್ಲಿ 927, ಪಾಕಿಸ್ತಾನದಲ್ಲಿ 734.

ಅದೇ ವರ್ಷ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಒಂದು ಸಂಸ್ಥೆ ಅದೇ ಪುಸ್ತಕ ಹಿಡಿದು ತನ್ನ ‘ಜಾಗತಿಕ ಭಯೋತ್ಪಾದನಾ ಸೂಚ್ಯಂಕ’ ಹೊರತಂದಿತು. ಅದರಲ್ಲಿ ಪಾಕಿಸ್ತಾನ ಐದನೆಯದು, ಭಾರತ ಎಂಟನೆಯದು.

ಸುಳ್ಳು ಯಾರದು? ಯಾರದೂ ಅಲ್ಲ ಸ್ವಾಮಿ, ಕೂಡುವ ಕ್ರಮ ಬೇರೆ. ಮೊದಲನೆಯವರು ದಾಳಿಗಳನ್ನು ತಲೆ ಎಣಿಸಿದ ಹಾಗೆ ಎಣಿಸಿದರು. ಎರಡನೆಯವರು ಒಂದು ಘಟನೆಗೆ 1 ಅಂಕ, ಒಂದು ಸಾವಿಗೆ 3, ಒಬ್ಬ ಗಾಯಾಳುವಿಗೆ ಅರ್ಧ, ಆಸ್ತಿ ಹಾನಿಗೆ ಬೇರೆ ಅಂತ ಹಾಕಿ, ಹಿಂದಿನ ವರ್ಷಗಳ ಬಾಕಿಯನ್ನೂ ಸೇರಿಸಿದರು. ಕಾಡಿನ ರಸ್ತೆ ಕೆಲಸದ ಯಂತ್ರಕ್ಕೆ ನಕ್ಸಲರು ಬೆಂಕಿಯಿಟ್ಟರೆ ಪುಸ್ತಕದಲ್ಲಿ ಅದೂ ಒಂದು ಸಾಲು. ಸಂತೆಯಲ್ಲಿ ಬಾಂಬಿಟ್ಟು ನೂರು ಜನರನ್ನು ಕೊಂದರೆ ಅದೂ ಒಂದು ಸಾಲು. ಸಾಲುಗಳಲ್ಲಿ ನಾವು ಪಾಕಿಸ್ತಾನಕ್ಕಿಂತ ಮುಂದೆ, ಹೆಣಗಳಲ್ಲಿ ಬಹಳ ಹಿಂದೆ. ‘ಮೂರನೆಯದು’ ಅಂತ ದಪ್ಪಕ್ಷರದಲ್ಲಿ ಹಾಕಿದ ಎಷ್ಟು ಪತ್ರಿಕೆಗಳು ಈ ವ್ಯತ್ಯಾಸ ಹೇಳಿದವೋ!

ಸಾಲು ಎಳೆಯುವುದಕ್ಕೂ ನಿಯಮ ಇದೆ. ಜಾಗ ಅಥವಾ ಹೊತ್ತು ಬೇರೆಯಾದರೆ ಸಾಲೂ ಬೇರೆ. 2001ರ ಸೆಪ್ಟೆಂಬರ್ 11ರ ದಾಳಿ ಜನರ ಬಾಯಲ್ಲಿ ಒಂದು, ಪುಸ್ತಕದಲ್ಲಿ ನಾಲ್ಕು; ನಾಲ್ಕು ವಿಮಾನವಲ್ಲವೆ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಬಾಂಬುಗಳು ಸಿಡಿದು, ಮಡಿವಾಳದ ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಸತ್ತರಲ್ಲ, ನಮಗೆ ಅದೆಲ್ಲ ಸೇರಿ ಒಂದೇ ‘ಸರಣಿ ಸ್ಫೋಟ’. ಈ ನಿಯಮದ ಪ್ರಕಾರ ಮಡಿವಾಳ ಬೇರೆ, ಆಡುಗೋಡಿ ಬೇರೆ, ನಾಯಂಡಹಳ್ಳಿ ಬೇರೆ.

ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಸರಕಾರಗಳು, ಅವುಗಳ ಸೈನ್ಯಗಳು ಜನರ ಮೇಲೆ ನಡೆಸುವ ಹಿಂಸೆ ಈ ಪುಸ್ತಕಕ್ಕೆ ಬರುವುದೇ ಇಲ್ಲ. ಸರಕಾರದವರಲ್ಲದ ಗುಂಪು ಅಥವಾ ವ್ಯಕ್ತಿ ಮಾಡಿದ್ದಾಗಿರಬೇಕು. ವಾದಿಸುವವರು ವಾದಿಸಲಿ, ಆದರೆ ನಿಯಮವನ್ನು ಮುಚ್ಚಿಟ್ಟಿಲ್ಲ, ಮೊದಲ ಪುಟಗಳಲ್ಲೇ ಅಚ್ಚು ಹಾಕಿದ್ದಾರೆ.

ಉಪಯೋಗ ಇಲ್ಲವೆ? ಬೇಕಾದಷ್ಟಿದೆ. ಉಗ್ರರ ದಾಳಿ ಅಂದಕೂಡಲೆ ಹೆಣದ ರಾಶಿ ಕಣ್ಣಿಗೆ ಬರುತ್ತದೆ. ಲಾಫ್ರೀ ಕೂಡಿ ಕಳೆದು ನೋಡಿದಾಗ ಅರ್ಧಕ್ಕೂ ಹೆಚ್ಚು ದಾಳಿಗಳಲ್ಲಿ ಒಬ್ಬರೂ ಸತ್ತಿರಲಿಲ್ಲ. ಹುಟ್ಟಿದ ಗುಂಪುಗಳಲ್ಲಿ ಬಹುಪಾಲು ಒಂದು ವರ್ಷ ಕೂಡ ಬಾಳಿರಲಿಲ್ಲ. ಹೆದರಿಕೆಯನ್ನು ಅಳತೆಗೆ ತರುವ ಇಂಥ ಮಾತನ್ನು ಭಾಷಣದಿಂದ ಕಂಡುಹಿಡಿಯೋಕಾಗಲ್ಲ, ಲೆಕ್ಕವೇ ಬೇಕು.

ನಮ್ಮಲ್ಲೂ ಒಂದು ಲೆಕ್ಕದ ಮನೆ ಇದೆ. ಪಂಜಾಬಿನ ಪೊಲೀಸ್ ಮುಖ್ಯಸ್ಥರಾಗಿದ್ದ ಕೆ.ಪಿ.ಎಸ್. ಗಿಲ್ 1997ರಲ್ಲಿ ದೆಹಲಿಯಲ್ಲಿ ಕಟ್ಟಿದ ಸಂಸ್ಥೆ ಅದು. ಪತ್ರಿಕೆಗಳನ್ನು ನೋಡಿ ನಾಗರಿಕರು, ಪೊಲೀಸು ಸೈನಿಕರು, ಉಗ್ರರು ಅಂತ ಸತ್ತವರನ್ನು ಬೇರೆ ಬೇರೆ ಕಾಲಮಿನಲ್ಲಿ ಬರೆಯುತ್ತಾ ಬಂದಿದ್ದಾರೆ.

ಮೇರಿಲ್ಯಾಂಡಿನವರ ಕಷ್ಟ ದುಡ್ಡಿನದು. ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸುದ್ದಿಗಳನ್ನು ಕಂಪ್ಯೂಟರು ಜರಡಿ ಹಿಡಿದರೂ, ಕೊನೆಗೆ ಓದಿ ತೀರ್ಮಾನ ಮಾಡಲು ಮನುಷ್ಯರೇ ಬೇಕು, ಅವರಿಗೆ ಸಂಬಳ ಬೇಕು. 2018ರಲ್ಲಿ ವಿದೇಶಾಂಗ ಇಲಾಖೆ ಆ ಗುತ್ತಿಗೆಯನ್ನು ಬೇರೆಯವರಿಗೆ ಕೊಟ್ಟಿತು. 2025ರಲ್ಲಿ ಗೃಹ ಭದ್ರತಾ ಇಲಾಖೆ, ಅಮೆರಿಕದ ಒಳಗಿನ ಹಿಂಸಾಚಾರವನ್ನು ದಾಖಲಿಸುತ್ತಿದ್ದ ಸ್ಟಾರ್ಟ್‌ನ ಇನ್ನೊಂದು ಯೋಜನೆಗೂ ಹಣ ನಿಲ್ಲಿಸಿತು. ಸೂಚ್ಯಂಕದವರು 2022ರ ವರದಿಯಿಂದ ಒಂದು ಖಾಸಗಿ ಕಂಪನಿಯ ಲೆಕ್ಕ ಹಿಡಿದರು. ಪಿಂಕರ್ಟನ್‌ನಿಂದ ಹೊರಟ ಬಂಡಿ ಮತ್ತೆ ಕಂಪನಿಯ ಬಾಗಿಲಿಗೇ ಬಂತು ಅನ್ನಿ.

ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ ಬಿಟ್ಟಿಯಾಗಿ ಸಿಗುತ್ತಿದ್ದ ಈ ಪುಸ್ತಕದಲ್ಲಿ 2021ರ ಜೂನ್ ತಿಂಗಳಿನ ಪುಟ ಬಂದ ಮೇಲೆ ಮುಂದಿನ ಪುಟಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿಗೆ ಬಾಂಬು ಸಿಡಿಯಿತಲ್ಲ, ಆ ಪುಟಗಳಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ದುಡ್ಡು ಕೊಟ್ಟು ನೋಡುವವರ ಪುಸ್ತಕದಲ್ಲಿ ಇದ್ದೀತು.